ಪಂಚಮಿ ಮುಗಿದ ಮೇಲಿನ ಮದುವೆ

ಮರೋಳ, ಹುನಗುಂದ ತಾಲ್ಲೂಕು
ಶ್ರಾವಣ ಮಾಸ

ಪ್ರೀತಿಯ ಅಕ್ಕ,

ಮದುವೆ ಚೆನ್ನಾಗಿ ಆಯಿತು. ನೀನು ಫೋನಿನಲ್ಲಿ ಕೇಳಿದ್ದಕ್ಕೆಲ್ಲ ಆಗ ಉತ್ತರ ಹೇಳಲಾಗಲಿಲ್ಲ, ಸುತ್ತ ಜನ ಇದ್ದರು. ಈಗ ಮಾಳಿಗೆ ಮೇಲೆ ಕೂತು ನಿಧಾನವಾಗಿ ಬರೆಯುತ್ತಿದ್ದೇನೆ.

ಗುಡ್ಡದ ಮದುವೆಯ ಫೋಟೊ ತೆಗೆಯಲು ಅಂತ ಹೇಳಿ ಹೋದವಳು ಬಯಲಿನ ಫೋಟೊ ಕಳಿಸಿದ್ದೀಯಲ್ಲ ಅಂತ ನೀನು ಅಂದೆ. ನಿಜ, ಮರೋಳದಲ್ಲಿ ಗುಡ್ಡವಿಲ್ಲ. ಕಣ್ಣು ಹಾಯುವಷ್ಟು ದೂರವೂ ಎರಿ ಹೊಲ. ಹೆಸರು ಕಾಯಿ ಕಟ್ಟಿದೆ, ತೊಗರಿ ಇನ್ನೂ ಮೊಣಕಾಲೆತ್ತರ. ಸಾಲಿನ ಉದ್ದಕ್ಕೂ ಕಪ್ಪು ಕೊಳವೆ ಮಲಗಿವೆ. ಕೃಷ್ಣೆಯ ನೀರನ್ನು ಎತ್ತಿ 24 ಸಾವಿರ ಹೆಕ್ಟೇರ್ ಹೊಲಕ್ಕೆ ಹನಿಸಲೆಂದು ರೂಪಿಸಿದ ರಾಮಥಾಳ–ಮರೋಳ ಯೋಜನೆಯಿಂದಾಗಿ ಈ ಊರಿನ ಹೆಸರು ನೀರಾವರಿಯವರಿಗೆಲ್ಲ ಗೊತ್ತು. ಗುಡ್ಡ ಬೇಕಾದರೆ ಅಮೀನಗಡ ದಾಟಿ, ಐಹೊಳೆ, ಪಟ್ಟದಕಲ್ಲಿನ ಮೇಲೆ ಬಾದಾಮಿಗೆ ಹೋಗಬೇಕು. ಹುಡುಗ ಹುಡುಗಿ ಬಯಸಿದ್ದೂ ಅದನ್ನೇ: ತಾಳಿ ಮನೆಯಲ್ಲಿ, ಫೋಟೊ ಬಾದಾಮಿಯ ಬಂಡೆಗಳ ನಡುವೆ, ಮೋಡ ಕವಿದಾಗ.

ಹುಡುಗ ನಮ್ಮ ತೀರ್ಥಹಳ್ಳಿ ಕಡೆಯವನು. ಹುಡುಗಿ ಈ ಮನೆಯವಳು. ಜಾತಿ ಬೇರೆ. ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಕೊಟ್ಟು, 30 ದಿನ ಕಚೇರಿಯಲ್ಲಿ ನೋಟಿಸು ಹಚ್ಚಿಸಿ, ಮೂವರು ಸಾಕ್ಷಿಗಳ ಸಹಿ ಹಾಕಿಸಿಯೇ ಇಲ್ಲಿಗೆ ಬಂದವರು. ಆ ಮೂವತ್ತು ದಿನ ಹೇಗೆ ಕಳೆದರು ಅನ್ನುವುದನ್ನು ಹುಡುಗಿ ನನಗೆ ಹೇಳಿದಳು. ಆ ಭಯವನ್ನು ಇಲ್ಲಿ ಬರೆಯುವುದಿಲ್ಲ, ಊರಿಗೆ ಬಂದಾಗ ಮಾತಾಡೋಣ.

ಊರಲ್ಲಿ ನಮ್ಮ ಸ್ಟುಡಿಯೋಗೆ ಬರುತ್ತಿದ್ದ ಜೋಡಿಗಳು ನಿನಗೂ ನೆನಪಿರಬೇಕು. ದೇವಸ್ಥಾನದಲ್ಲಿ ಹಾರ ಬದಲಿಸಿಕೊಂಡು, ಜೊತೆಗೆ ಇಬ್ಬರು ಗೆಳೆಯರನ್ನು ಕರೆದುಕೊಂಡು, ಬಾಗಿಲ ಕಡೆ ನೋಡುತ್ತಲೇ ಕೂರುತ್ತಿದ್ದರು. ಮದುವೆ ನೋಂದಣಿಗೆ ಮದುವೆಯ ಫೋಟೊ ಬೇಕಲ್ಲ. ಓಡಿಬಂದವರ ಪಾಲಿಗೆ ನಾವು ತೆಗೆದ ಆ ಒಂದು ಫೋಟೊವೇ ದೊಡ್ಡ ದಾಖಲೆಯಾಗಿತ್ತು. ಈಗ ಹೊರದೇಶಗಳಲ್ಲಿ ಹೀಗೆ ಓಡಿಹೋಗಿ ಮದುವೆಯಾಗುವವರ ಫೋಟೊ ತೆಗೆಯುವುದೇ ಒಂದು ಕಸುಬಾಗಿ ಬೆಳೆದಿದೆ. ಐಸ್‌ಲ್ಯಾಂಡಿನ ಕಪ್ಪು ಬೆಟ್ಟ, ಸ್ಕಾಟ್ಲೆಂಡಿನ ಮಂಜು, ನಡುವೆ ಇಬ್ಬರೇ. ಓಡಿಬಂದವರ ಮದುವೆಗೆ ಸ್ಕಾಟ್ಲೆಂಡ್ ಹೆಸರಾದದ್ದೂ ಸುಮ್ಮನೆ ಅಲ್ಲ. 1753ರಲ್ಲಿ ಇಂಗ್ಲೆಂಡು ಮದುವೆ ಕಾನೂನು ಬಿಗಿ ಮಾಡಿದ ಮೇಲೆ, ಹಿರಿಯರು ಒಪ್ಪದ ಜೋಡಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡುತ್ತಿದ್ದವು, ಕಮ್ಮಾರನ ಮುಂದೆ ಮದುವೆಯಾಗುತ್ತಿದ್ದವು. ಅಲ್ಲೂ ಮೊದಲು ಇದ್ದದ್ದು ಭಯ, ಚಂದದ ಫೋಟೊ ಬಂದದ್ದು ಬಹಳ ತಡವಾಗಿ. ನಮ್ಮಲ್ಲಿ ಆ ಭಯ ಇನ್ನೂ ಹಿಂದೆ ಸರಿದಿಲ್ಲ. ಹಾಗಾಗಿ ಇಂಥ ಮದುವೆಗೆ ಕ್ಯಾಮೆರಾ ಹಿಡಿದು ನಿಂತಾಗ, ನಾಳೆ ಯಾರಾದರೂ ಈ ಮದುವೆ ಆಯಿತೇ ಎಂದು ಕೇಳಿದರೆ ಉತ್ತರ ಕೊಡಬೇಕಾದವಳು ನಾನೂ ಹೌದು ಅನ್ನಿಸುತ್ತದೆ.

ಮದುವೆಗೆ ಪಂಚಮಿ ಮುಗಿದ ವಾರವನ್ನೇ ಯಾಕೆ ಆರಿಸಿದರು ಗೊತ್ತೇ? ಈ ಸೀಮೆಯಲ್ಲಿ ನಾಗರಪಂಚಮಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಬಂದವರನ್ನು ಹಾಗೆಯೇ ಉಳಿಸಿಕೊಂಡರೆ ಪತ್ರಿಕೆ ಹಂಚುವ ಕೆಲಸವೇ ಇಲ್ಲ. ಬೇವಿನ ಮರದಲ್ಲಿ ಜೋಕಾಲಿ ಹಗ್ಗ ಇನ್ನೂ ಇತ್ತು, ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಇದ್ದವು. ಒಟ್ಟು ಮೂವತ್ತು ಜನರ ಆಸುಪಾಸು. ಅಜ್ಜಿ ನನ್ನನ್ನು ಕಂಡಾಗಲೆಲ್ಲ "ಫೋಟೊ ತಗಿಯಾಕಿ ಉಂಡಳೇನ?" ಅಂತ ಕೇಳುತ್ತಿದ್ದರು. ಉಂಡಿದ್ದೇನೆ ಅಂದರೆ ನಂಬುತ್ತಿರಲಿಲ್ಲ, ಇನ್ನೊಂದು ರೊಟ್ಟಿ ಹಾಕಿಸುತ್ತಿದ್ದರು.

ಮದುವೆ ಪಡಸಾಲೆಯಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮೇಲೆ ಒಂದು ಬೆಳಕಿಂಡಿ. ನಾನು ಫ್ಲಾಶ್ ಹೊರಗೆ ತೆಗೆಯಲೇ ಇಲ್ಲ. ಮೋಡದ ದಿನ ಬೆಳಕಿಂಡಿಯಿಂದ ಇಳಿಯುವ ಬೆಳಕಿಗೆ ಅಂಚು ಇರುವುದಿಲ್ಲ. ತಲೆ ಮೇಲೆ ಬೀಳುತ್ತದೆ, ಕೆನ್ನೆ ಮೇಲೆ ಇಳಿಯುತ್ತದೆ, ಕೈ ತಲುಪುವ ಹೊತ್ತಿಗೆ ಮಸುಕಾಗಿರುತ್ತದೆ. ಹುಡುಗಿಯನ್ನು ಅದರ ಕೆಳಗೆ ಕೂರಿಸಿ ಅಂತ ಒಂದು ಮಾತು ಹೇಳಿದೆ ಅಷ್ಟೆ. ಆಮೇಲೆ ಯಾರಿಗೂ ಏನೂ ಹೇಳಲಿಲ್ಲ. ಸಾವಿರ ಜನರ ಕಲ್ಯಾಣ ಮಂಟಪದಲ್ಲಿ ನಾವು "ಈ ಕಡೆ ನೋಡಿ" ಅಂದರೆ ನಡೆಯುತ್ತದೆ. ಮೂವತ್ತು ಜನರ ನಡುವೆ ಆ ಮಾತು ಹೇಳಿದರೆ ಮದುವೆಯೇ ಒಂದು ಕ್ಷಣ ನಿಂತುಬಿಡುತ್ತದೆ.

ಹುಡುಗಿಯ ಮನೆಯವರು ಬಸವಣ್ಣನವರನ್ನು ನಂಬಿದವರು, ಕೂಡಲಸಂಗಮ ಇದೇ ಸೀಮೆ ತಾನೆ. ವಚನ ಓದಿದರು. ಹುಡುಗ ಕುವೆಂಪು ಅವರ ಮಂತ್ರ ಮಾಂಗಲ್ಯದ ಪ್ರತಿಜ್ಞೆ ಓದಬೇಕು ಅಂದಿದ್ದ, ಅದನ್ನೂ ಓದಿದರು. 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿ ಹಾಗೆ ಮದುವೆಯಾದ ಕಥೆಯನ್ನು ನಾವು ಎಷ್ಟು ಸಲ ಕೇಳಿ ಬೆಳೆದಿದ್ದೇವೆ. ಕುಪ್ಪಳಿಯಲ್ಲಿ ಅಂಥ ಮದುವೆಗಳ ಫೋಟೊ ತೆಗೆದೇ ನನಗೆ ಸಣ್ಣ ಮದುವೆಗಳ ಮೇಲೆ ಪ್ರೀತಿ ಹುಟ್ಟಿದ್ದು. ಆ ಮಾತುಗಳನ್ನು ಇಲ್ಲಿ, ಜೋಳದ ಚೀಲ ಒಟ್ಟಿದ ಪಡಸಾಲೆಯಲ್ಲಿ, ಹುನಗುಂದದ ಮಾತಿನ ಧಾಟಿಯಲ್ಲಿ ಹುಡುಗಿಯ ಚಿಕ್ಕಪ್ಪ ಓದಿದಾಗ ಮೈ ಜುಮ್ಮೆಂದಿತು.

ಹುಡುಗನ ಕಡೆಯಿಂದ ಬಂದಿದ್ದವರು ಅಮ್ಮ ಮತ್ತು ತಂಗಿ ಮಾತ್ರ. ಅಪ್ಪ ಬರಲಿಲ್ಲ. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಆದರೆ ಅಕ್ಕಿಕಾಳು ಹಂಚುವ ಮುಂಚೆ ಹುಡುಗಿಯ ಅಪ್ಪ ಎದ್ದು ಹೋಗಿ, ಚೌಕಟ್ಟಿಗೆ ಕೈಯಿಟ್ಟು ರಸ್ತೆ ನೋಡುತ್ತ ನಿಂತರು. ಯಾರಿಗಾಗಿ ನೋಡುತ್ತಿದ್ದಾರೆ ಅನ್ನುವುದು ಒಳಗಿದ್ದ ಎಲ್ಲರಿಗೂ ಗೊತ್ತಿತ್ತು. ಹೊಸ ಧೋತರ, ಇಸ್ತ್ರಿ ಮಾಡಿದ ಅಂಗಿ, ಬೆನ್ನ ಮೇಲೆ ಇಸ್ತ್ರಿಯ ಗೆರೆ ಇನ್ನೂ ಹಾಗೇ ಇದೆ. ಆ ಬೆನ್ನನ್ನು ನಾನು ತೆಗೆದಿದ್ದೇನೆ.

ಮಾರನೆಯ ದಿನ ನಸುಕಿನಲ್ಲೇ ಬಾದಾಮಿಗೆ ಹೊರಟೆವು. ಹುಡುಗ, ಹುಡುಗಿ, ಅವನ ತಂಗಿ, ಅಜ್ಜಿ, ನಾನು. ರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಇಟ್ಟು ಚಿತ್ರ ತೆಗೆಯಲು ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು, ಅದು ಇರಬೇಕಾದ ನಿಯಮವೇ. ಕ್ರಿ.ಶ. 578ರ ಶಾಸನವಿರುವ ಗುಹೆಯ ಕಂಬಕ್ಕೆ ಒರಗಿ ನಿಂತು ಮದುವೆ ಫೋಟೊ ತೆಗೆಸಿಕೊಳ್ಳುವುದು ನನಗೆ ಇಷ್ಟವೂ ಇಲ್ಲ. ನಾವು ಅಗಸ್ತ್ಯ ತೀರ್ಥವೆಂಬ ಕೆರೆಯ ದಂಡೆಯ ಹಾದಿಯಲ್ಲೇ ಉಳಿದೆವು.

ನಮ್ಮ ಆಗುಂಬೆಯ ಮೋಡ ಕೆಳಗಿಳಿದು ಎಲ್ಲವನ್ನೂ ಮುಚ್ಚುತ್ತದೆ. ಬಾದಾಮಿಯ ಮೋಡ ಮುಚ್ಚುವುದಿಲ್ಲ, ಬಂಡೆಗಳ ಮೇಲೆ ತುಸು ಎತ್ತರದಲ್ಲೇ ನಿಲ್ಲುತ್ತದೆ. ಕಬ್ಬಿಣದ ಅಂಶ ತುಂಬಿದ ಮರಳುಗಲ್ಲು ಅದು. ಬಿಸಿಲಿನಲ್ಲಿ ಕಿತ್ತಳೆ, ಒದ್ದೆಯಾದರೆ ಒಣಗಿದ ರಕ್ತದ ಬಣ್ಣ. ಹುಡುಗಿ ಉಟ್ಟದ್ದು ಇಳಕಲ್ಲ ಸೀರೆ, ಸೆರಗಿನ ಟೋಪ ತೆನಿಯೂ ಕೆಂಪು. ಕೆಂಪಿನ ಮುಂದೆ ಕೆಂಪು ಇಟ್ಟರೆ ಕ್ಯಾಮೆರಾ ಸೋಲುತ್ತದೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಅದು ಬಂಡೆಯ ಕೆಂಪನ್ನು ತಗ್ಗಿಸಹೋಗಿ ಮುಖಗಳನ್ನು ನೀಲಿ ಮಾಡುತ್ತದೆ, ರೇಷ್ಮೆಯ ಕೆಂಪಂತೂ ಬೇಗ ತುಂಬಿ ನೇಯ್ಗೆಯ ಗೆರೆಯೇ ಕಾಣದಾಗುತ್ತದೆ. ಕೆಲ್ವಿನ್ ಕೈಯಲ್ಲೇ ಹೊಂದಿಸಿ, ಎಕ್ಸ್‌ಪೋಶರ್ ಸ್ವಲ್ಪ ಕೆಳಗಿಟ್ಟು, ಕೊನೆಗೆ ಬಂಡೆಯನ್ನು ಬಿಟ್ಟು ಹಸಿರು ನೀರನ್ನು ಅವಳ ಹಿಂದೆ ತಂದೆ. ಆಗ ಸೀರೆ ಎದ್ದು ನಿಂತಿತು.

ಅವರಿಗೆ ಬೇಕಿದ್ದದ್ದು ಆ ಹೊರದೇಶದ ಫೋಟೊಗಳಂಥದ್ದು: ದೊಡ್ಡ ಬಂಡೆ, ಕೆಳಗೆ ಚುಕ್ಕಿಯಂತೆ ಇಬ್ಬರು. ತೆಗೆದುಕೊಟ್ಟೆ. ಭೂತನಾಥ ಗುಡಿಯ ಆಚೆ ಬಂಡೆ ಎತ್ತರವಾಗಿ ಏಳುತ್ತದೆ, ಅದರ ಅಡಿಯಲ್ಲಿ ಅವರನ್ನು ನಿಲ್ಲಿಸಿದೆ. ಚಿತ್ರ ಚೆನ್ನಾಗಿದೆ, ಅವರಿಗೂ ಇಷ್ಟವಾಗಿದೆ. ಆದರೂ ನನ್ನ ಮನಸ್ಸು ನಿಂತದ್ದು ಅದರ ಮೇಲಲ್ಲ. ಮಳೆ ಜೋರಾಗಿ ಅಕ್ಕತಂಗಿ ಜಲಪಾತ ಬಂಡೆಯಂಚಿನಿಂದ ಧುಮುಕತೊಡಗಿತು. ವರ್ಷದಲ್ಲಿ ಒಳ್ಳೆಯ ಮಳೆಯಾದ ದಿನಗಳಲ್ಲಷ್ಟೇ ಕಾಣುವ ನೀರು ಅದು. ಎಲ್ಲರೂ ಮೇಲೆ ನೋಡುತ್ತಿದ್ದರೆ ಅಜ್ಜಿ ಮಾತ್ರ ಹುಡುಗನ ತಂಗಿಯನ್ನು ಎಳೆದುಕೊಂಡು, ತನ್ನ ಸೆರಗಿನಿಂದ ಅವಳ ತಲೆ ಒರೆಸುತ್ತಿದ್ದರು. ಅಜ್ಜಿ ಗುಳೇದಗುಡ್ಡದವರು, ಖಣ ನೇಯುವ ಮನೆಯಲ್ಲಿ ಹುಟ್ಟಿದವರು. ಒರೆಸುತ್ತ ಒರೆಸುತ್ತಲೇ ಆ ಹುಡುಗಿಯ ಕುಪ್ಪಸದ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ, "ಇದು ನಮ್ಮೂರ ಖಣ ಅಲ್ಲ, ನಿನಗ ನಾ ಕೊಡಸ್ತೀನಿ" ಅಂದರು. ಮದುವೆಯ ದಿನದವರೆಗೂ ಈ ಮನೆಯವರ ಮುಖ ನೋಡಿರದ ಹುಡುಗಿ ಅವಳು. ನಾಲ್ಕೈದು ಚಿತ್ರ ಬಂದಿವೆ. ಹಿಂದೆ ಜಲಪಾತ ಬರೀ ಬಿಳಿ ಗೆರೆ, ಮುಂದೆ ಅಜ್ಜಿಯ ಹೆಬ್ಬೆರಳು ಮತ್ತು ಆ ಬಟ್ಟೆ. ಈ ಇಡೀ ಮದುವೆಯಲ್ಲಿ ಒಂದೇ ಫೋಟೊ ಉಳಿಸಿಕೋ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಆಲ್ಬಮ್ಮಿನ ಬಗ್ಗೆ ರಾತ್ರಿಯೆಲ್ಲ ಯೋಚಿಸಿದೆ. ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತ ಚಿತ್ರವನ್ನು ಹಾಕಬೇಕೋ ಬೇಡವೋ? ನೋಡಿದರೆ ಹುಡುಗನಿಗೆ ನೋವಾಗುತ್ತದೆ. ಆದರೆ ಅವನ ಅಪ್ಪನ ಕೈಗೆ ಈ ಆಲ್ಬಮ್ ಯಾವತ್ತಾದರೂ ಹೋಗೇ ಹೋಗುತ್ತದೆ. ಅವರು ಬರಲಿ ಅಂತ ಇಲ್ಲೊಬ್ಬರು ಎದ್ದು ಹೋಗಿ ಕಾದಿದ್ದರು ಅನ್ನುವುದು ಅವರಿಗೆ ಗೊತ್ತಾಗಬೇಕು. ಹಾಕುತ್ತೇನೆ. ಹುಡುಗನನ್ನು ಕೇಳಿಯೇ ಹಾಕುತ್ತೇನೆ.

ನಾಳೆ ಇಳಕಲ್ಲಿಗೆ ಹೋಗುತ್ತೇನೆ. ಅಮ್ಮನಿಗೆ ಒಂದು ಸೀರೆ ತರಬೇಕು. ಚಿಕ್ಕಿ ಪರಾಸಿನ ದಡಿಯೋ, ಗೋಮಿಯೋ, ಒಡಲು ಯಾವ ಬಣ್ಣದ್ದು ಬೇಕು ಅಂತ ಅವಳನ್ನು ಕೇಳಿ ಇವತ್ತೇ ಫೋನ್ ಮಾಡು. ಅಮೀನಗಡದ ಕರದಂಟು ಈಗಾಗಲೇ ಚೀಲದಲ್ಲಿದೆ.

ನಿನ್ನ ಪ್ರೀತಿಯ
ತಂಗಿ