ಹಿಮದ ಮರ, ಎರೆನೆಲದ ಮರ

ಬೇಸಿಗೆಯಲ್ಲಿ ಬಾಗಲಕೋಟೆಯಿಂದ ಹುನಗುಂದದ ಮಾರ್ಗವಾಗಿ ಇಳಕಲ್ಲಿಗೆ ಹೊರಟವರಿಗೆ ಕಾಣುವುದು ಬಿರುಕುಬಿಟ್ಟ ಎರೆಹೊಲ, ಅದರ ಬದುವಿನ ಮೇಲೆ ಹಸಿರಾಗಿ ನಿಂತ ಕರಿಜಾಲಿ. ಈ ನಾಡಿನ ಮಕ್ಕಳು ಜಾಲಿಯನ್ನು ದಿನವೂ ಕಾಣುವರು. ಸ್ಪ್ರೂಸ್ ಮರವನ್ನು ಚಿತ್ರಪುಸ್ತಕದಲ್ಲಿ ಮಾತ್ರ. ಆದರೂ ಇವೆರಡೂ ಒಂದೇ ಪಾಠವನ್ನು ಕಲಿತ ಮರಗಳು.

ಸ್ಪ್ರೂಸ್ ಶೀತಪ್ರದೇಶದ ವೃಕ್ಷ. ನಮ್ಮ ಪಶ್ಚಿಮ ಹಿಮಾಲಯದಲ್ಲಿ 2,000 ಮೀಟರಿಗೂ ಎತ್ತರದ ಇಳುಕಲುಗಳಲ್ಲಿ ಅದು ಬೆಳೆಯುತ್ತದೆ. 50 ಮೀಟರ್ ಎತ್ತರಕ್ಕೂ ಏರಬಲ್ಲುದು. ಗೋಪುರದಂತೆ ಬುಡ ಅಗಲ, ತುದಿ ಚೂಪು. ಬಾಗಿದ ಕೊಂಬೆಗಳಿಂದ ಹಿಮವು ಜಾರಿ ಬೀಳುತ್ತದೆ. ಎಲೆಗಳಾದರೋ ಸೂಜಿಗಳೇ, ಅವುಗಳ ಮೇಲೆ ಮೇಣದ ಲೇಪ. ಏಕೆಂದರೆ, ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿದಾಗ ಬೇರು ಅದನ್ನು ಹೀರಲಾರದು. ಹಿಮದ ನಡುವೆ ನಿಂತೂ ಮರಕ್ಕೆ ನೀರಡಿಕೆ! ಎಲೆ ಅಗಲವಾಗಿದ್ದರೆ ಒಡಲಿನಲ್ಲಿದ್ದ ತೇವವೂ ಆರಿಹೋದೀತು.

ಜಾಲಿಯ ನೀರಡಿಕೆ ಬಿಸಿಲಿನದು. ಇಲ್ಲಿ ವರ್ಷದ ಮಳೆ ಸಾಮಾನ್ಯವಾಗಿ 600 ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ಜಾಲಿಯೂ ತನ್ನ ಎಲೆಯನ್ನು ಕಿರಿದಾದ ದಳಗಳಾಗಿ ಸೀಳಿಕೊಂಡಿದೆ. ಬೇರನ್ನು ಆಳಕ್ಕೆ ಇಳಿಸಿದೆ. ಸ್ಪ್ರೂಸ್‌ನ ಬೀಜಕ್ಕೆ ರೆಕ್ಕೆಯುಂಟು, ಗಾಳಿ ಅದನ್ನು ಒಯ್ಯುತ್ತದೆ. ಜಾಲಿಯ ಬೀಜಕ್ಕೆ ಆಡೇ ವಾಹನ: ಮಣಿಸರದಂತಹ ಕಾಯನ್ನು ತಿಂದ ಆಡು, ಹಿಕ್ಕೆಯೊಡನೆ ಬೀಜವನ್ನು ದೂರದ ಹೊಲದಲ್ಲಿ ಬಿಡುತ್ತದೆ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅಲ್ಲಿಯ ಕಂಬಗಳ ಮೇಲುಗಡೆ ಶಿಲ್ಪಿಗಳು ದಂಪತಿಗಳನ್ನು ಮರದ ನೆರಳಿನಲ್ಲಿ ನಿಲ್ಲಿಸಿದ್ದಾರೆ. ಬಿಸಿಲ ನಾಡಿನವರು ನೆರಳಿನ ಬೆಲೆಯನ್ನು ಅಂದೇ ಬಲ್ಲವರು.

ಒಕ್ಕಲಿಗನಿಗೆ ಜಾಲಿ ನೆರಳಿಗಿಂತಲೂ ಹೆಚ್ಚಿನದಾಗಿತ್ತು. ನೇಗಿಲು, ಬಂಡಿಗಳಿಗೆ ಅದರ ಗಟ್ಟಿ ಮರ. ತೊಗಲು ಹದಮಾಡಲು ಅದರ ತೊಗಟೆ. ಅದರ ಬೇರಿನ ಗಂಟುಗಳಲ್ಲಿ ನೆಲಕ್ಕೆ ಸಾರಜನಕ. ಕಬ್ಬಿಣದ ನೇಗಿಲು, ಟ್ರ್ಯಾಕ್ಟರುಗಳು ಬಂದ ಮೇಲೆ ಬದುವಿನ ಮರ ಕೆಲವರಿಗೆ ಅಡ್ಡಿಯಾಗಿ ತೋರತೊಡಗಿತು. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯಾದರೋ ಬೀಳುಭೂಮಿಯಲ್ಲಿ ಪೊದೆಯಾಗಿ ಹಬ್ಬಿತು. ಹೆಸರು ಒಂದೇ ಆದುದರಿಂದ ಎರಡನ್ನೂ ಒಂದೆಂದು ತಿಳಿದು ಕಡಿಯುವವರುಂಟು.

ಮಕ್ಕಳೇ, ಗುರುತು ಸುಲಭ. ಕರಿಜಾಲಿಯ ಹೂವು ಹಳದಿಯ ದುಂಡನೆಯ ಚೆಂಡು, ಕಾಯಿ ಬೀಜಬೀಜಕ್ಕೂ ಇರುಕಿದ ಮಣಿಸರ; ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆ. ಕೊಡಲಿ ಹಿಡಿದ ಹಿರಿಯರಿಗೆ ಇದನ್ನು ತೋರಿಸಿ. ಅಷ್ಟರಿಂದಲೇ ಒಂದು ಬದುವಿನ ನೆರಳು ಉಳಿದೀತು.