ಚಾಂಗಿಯ ತಂಗುದಾಣದಲ್ಲಿ ಒಂದು ಹಗಲು

ದಾರಿ ನಡೆಯುವವನಿಗೆ ಊರು ಸೇರುವುದು ಎಷ್ಟು ಮುಖ್ಯವೋ ನಡುವೆ ತಂಗುವುದೂ ಅಷ್ಟೇ ಮುಖ್ಯವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಊರ ಹೊರಗೆ ಕಲ್ಯಾಣಿ, ಹೆದ್ದಾರಿಯ ಪಕ್ಕದಲ್ಲಿ ಮಂಟಪ, ಬೇಸಗೆಯಲ್ಲಿ ಅರವಟ್ಟಿಗೆ, ಪೇಟೆಯಲ್ಲಿ ಛತ್ರ, ತಲೆಹೊರೆ ಹೊತ್ತವನು ಪರರ ನೆರವಿಲ್ಲದೆ ಹೊರೆಯನ್ನು ಇಳಿಸಿ ಮತ್ತೆ ಹೊತ್ತುಕೊಳ್ಳುವಂತೆ ನೆಟ್ಟ ಕಲ್ಲು, ಇವೆಲ್ಲವೂ ಪುಣ್ಯಕಾರ್ಯಗಳೆನಿಸಿದ್ದವು. ರೈಲು ಬಂದ ಮೇಲೆ ಛತ್ರಗಳೂ ನಿಲ್ದಾಣದ ಬಳಿಗೆ ಬಂದವು. ಬೆಂಗಳೂರಿನ ರೈಲುನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರದ ಹೆಸರನ್ನು ಕೇಳದ ಯಾತ್ರಿಕರು ನಮ್ಮಲ್ಲಿ ವಿರಳ. ಈಗ ಜನರು ಆಕಾಶಮಾರ್ಗದಲ್ಲಿ ಸಂಚರಿಸುತ್ತಿದ್ದಾರೆ. ವೇಗ ಹೆಚ್ಚಿತೆಂದ ಮಾತ್ರಕ್ಕೆ ದಣಿವು ಕಡಮೆಯಾಯಿತೆಂದು ತಿಳಿಯುವವರುಂಟು. ಈ ತಿಳಿವಳಿಕೆ ಸರಿಯಲ್ಲ. ಆಕಾಶಯಾನಕ್ಕೂ ಒಂದು ಛತ್ರ ಬೇಕು. ಅದನ್ನು ಬಳಸಿಕೊಳ್ಳುವ ಬಗೆಯನ್ನು ಗೃಹಸ್ಥರು ತಿಳಿದಿರಬೇಕು.

ನಮ್ಮ ಮಗಳು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಈಚೆಗೆ ಅವಳ ಚೊಚ್ಚಲ ಬಾಣಂತನದ ನಿಮಿತ್ತ ನಾವು ಸಪತ್ನೀಕರಾಗಿ ಅಲ್ಲಿಗೆ ಹೋಗಬೇಕಾಯಿತು. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕು ಗಂಟೆಗೂ ಮಿಕ್ಕ ಪ್ರಯಾಣ. ಸಿಂಗಪುರದಿಂದ ಮೆಲ್ಬರ್ನಿಗೆ ಏಳು ಗಂಟೆಗೂ ಮಿಕ್ಕ ಪ್ರಯಾಣ. ಇವೆರಡರ ನಡುವೆ ಸಿಂಗಪುರದ ಚಾಂಗಿ ವಿಮಾನನಿಲ್ದಾಣದಲ್ಲಿ ೧೩ ಗಂಟೆಗಳ ಕಾಲ ಕಾದಿರುವಂತೆ ಅಳಿಯಂದಿರು ಚೀಟಿ ಕೊಂಡಿದ್ದರು. ಇಂಥ ಚೀಟಿಗೆ ಬೆಲೆ ಕಡಮೆ. ನಮಗೂ ಅದರಲ್ಲಿ ಆಕ್ಷೇಪವಿರಲಿಲ್ಲ. ಮನಸ್ಸಿನಲ್ಲಿದ್ದ ಚಿಂತೆ ಬೇರೆ. ನಮ್ಮ ಮನೆಯಾಕೆಗೆ ಹತ್ತು ವರ್ಷಗಳಿಂದ ಮಧುಮೇಹ; ಹೊತ್ತಿಗೆ ಸರಿಯಾಗಿ ಗುಳಿಗೆ, ಗುಳಿಗೆಗೆ ಸರಿಯಾಗಿ ಆಹಾರ ಬೇಕು. ಮೇಲಾಗಿ ಸ್ನಾನ ಮಾಡದೆ ಒಂದು ತುತ್ತನ್ನೂ ಮುಟ್ಟದ ನಿಯಮವನ್ನು ಆಕೆ ಬಾಲ್ಯದಿಂದ ನಡೆಸಿಕೊಂಡು ಬಂದವಳು.

ವಿಮಾನದೊಳಗೆ ಶರೀರಕ್ಕೆ ಆಗುವ ಆಯಾಸವು ಕಣ್ಣಿಗೆ ಕಾಣುವಂಥದಲ್ಲ. ಕುಳಿತಲ್ಲಿಯೇ ಕುಳಿತಿರುವವನಿಗೆ ಆಯಾಸವೇಕೆ ಎಂದು ಕೇಳಬಹುದು. ಹಾರುವ ವಿಮಾನದ ಒಳಗಣ ವಾಯುವಿನ ಒತ್ತಡವು ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಣ ಒತ್ತಡಕ್ಕೆ ಸಮನಾಗಿರುತ್ತದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೬,೩೦೦ ಅಡಿ. ಅಂದಮೇಲೆ ನಾವು ರಾತ್ರಿಯೆಲ್ಲ ಬೆಟ್ಟದ ತುದಿಯಲ್ಲಿ ಕುಳಿತಂತೆಯೇ ಆಯಿತು. ಅಲ್ಲಿಯ ಗಾಳಿಯಲ್ಲಿ ತೇವವೂ ಬಹು ಅಲ್ಪ. ಶೇಕಡ ೨೦ಕ್ಕಿಂತ ಕಡಮೆಯಿರುವುದುಂಟು. ತುಟಿ ಒಣಗುವುದು, ಕಣ್ಣು ಉರಿಯುವುದು ಇದರಿಂದಲೇ. ಕಾಲುಗಳನ್ನು ಇಳಿಬಿಟ್ಟು ಕದಲದೆ ಕುಳಿತುದರಿಂದ ಪಾದಗಳು ಊದಿಕೊಳ್ಳುತ್ತವೆ. ನಾಲ್ಕು ಗಂಟೆಗೆ ಮೀರಿ ಹೀಗೆ ಕುಳಿತು ಪ್ರಯಾಣ ಮಾಡುವವರಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವು ಸುಮಾರು ಎರಡರಷ್ಟಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿತು. ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರಬಹುದಾದ ತೊಂದರೆಯೆಂದು ಅದೇ ವರದಿಯಲ್ಲಿರುವುದರಿಂದ ಹೆದರಬೇಕಾದುದಿಲ್ಲ. ಆದರೆ ವಯಸ್ಸಾದವರು ಎಚ್ಚರದಿಂದಿರುವುದು ಲೇಸು.

ಚಾಂಗಿಯೆಂಬುದು ಸಿಂಗಪುರ ದ್ವೀಪದ ಪೂರ್ವತುದಿಯಲ್ಲಿರುವ ಪ್ರದೇಶ. ಎರಡನೆಯ ಮಹಾಯುದ್ಧದಲ್ಲಿ ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರವು ಜಪಾನೀಯರ ವಶವಾಯಿತು. ಅವರು ೧೯೪೩–೪೪ರಲ್ಲಿ ಸೆರೆಸಿಕ್ಕ ಸೈನಿಕರಿಂದ ದುಡಿಸಿ ಇಲ್ಲಿ ವಿಮಾನಪಥವೊಂದನ್ನು ಮಾಡಿಸಿದರು. ಯುದ್ಧಾನಂತರ ಅದು ಬ್ರಿಟಿಷರ ವಾಯುಪಡೆಗೆ ನೆಲೆಯಾಯಿತು. ಬಳಿಕ ಸಮುದ್ರವನ್ನು ತುಂಬಿಸಿ ನೆಲವನ್ನು ವಿಸ್ತರಿಸಿ ಕಟ್ಟಿದ ಇಂದಿನ ನಿಲ್ದಾಣವು ೧೯೮೧ರ ಜುಲೈ ೧ರಿಂದ ಕೆಲಸ ಮಾಡತೊಡಗಿತು. ಎರಡನೆಯ ಕಟ್ಟಡವು ೧೯೯೦ರಲ್ಲಿ, ಮೂರನೆಯದು ೨೦೦೮ರಲ್ಲಿ, ನಾಲ್ಕನೆಯದು ೨೦೧೭ರಲ್ಲಿ ತೆರೆದುವು. ಅನ್ನಕ್ಕೂ ನಿದ್ರೆಗೂ ಹಂಬಲಿಸಿದ ಕೈದಿಗಳು ಮಣ್ಣು ಹೊತ್ತ ಈ ಚಾಂಗಿಯಲ್ಲಿ ಇಂದು ದೇಶದೇಶಗಳ ಯಾತ್ರಿಕರು ರತ್ನಗಂಬಳಿಯ ಮೇಲೆ ನಡೆದು ಒರಗುಕುರ್ಚಿಗಳಲ್ಲಿ ಮಲಗುತ್ತಾರೆ. ಇದನ್ನು ನೆನೆಯುವಾಗ ನಮಗೆ ಸಂತೋಷವೂ ಸಂಕೋಚವೂ ಒಟ್ಟಿಗೆ ಉಂಟಾದುವು.

ವಿಮಾನವಿಳಿದಾಗ ಅಲ್ಲಿಯ ಗಡಿಯಾರದಲ್ಲಿ ಆರು ಗಂಟೆ ಮೀರಿತ್ತು. ನಮ್ಮ ಗಡಿಯಾರದಲ್ಲಿ ಮೂರೂವರೆ ಮೀರಿತ್ತು. ಸಿಂಗಪುರದ ಕಾಲಮಾನವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಗಾಜಿನ ಗೋಡೆಯ ಹೊರಗೆ ಇನ್ನೂ ಕಗ್ಗತ್ತಲೆ. ಆ ಊರು ಭೂಮಧ್ಯರೇಖೆಗೆ ಒಂದು ಡಿಗ್ರಿಯಷ್ಟೇ ಉತ್ತರಕ್ಕಿರುವುದರಿಂದ ಹಗಲು ರಾತ್ರಿಗಳ ಅಳತೆಯಲ್ಲಿ ವರ್ಷವಿಡೀ ಹೆಚ್ಚು ಭೇದವಿಲ್ಲ. ಆದರೆ ೧೯೮೨ರಲ್ಲಿ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕಿಟ್ಟುದರಿಂದ ಸೂರ್ಯೋದಯವು ಎಲ್ಲ ಋತುಗಳಲ್ಲಿಯೂ ಏಳು ಗಂಟೆಯ ಆಸುಪಾಸಿಗೇ ಆಗುತ್ತದೆ. ಯಾತ್ರಿಕನು ಮೊದಲು ಮಾಡಬೇಕಾದ ಕೆಲಸ ಕೈಗಡಿಯಾರವನ್ನು ಆ ಊರಿನ ಹೊತ್ತಿಗೆ ತಿರುಗಿಸಿಕೊಳ್ಳುವುದು. ಎರಡು ಊರುಗಳ ಹೊತ್ತನ್ನು ತಲೆಯಲ್ಲಿಟ್ಟುಕೊಂಡವನು ವಿಮಾನವನ್ನೂ ತಪ್ಪಿಸಿಕೊಳ್ಳಬಹುದು, ಗುಳಿಗೆಯನ್ನೂ ತಪ್ಪಿಸಿಕೊಳ್ಳಬಹುದು.

ಹೊರಗೆ ಊರಿಗೆ ಹೋಗಬೇಕಾದರೆ ಪ್ರವೇಶಾನುಮತಿ ಬೇಕು. ಮುಂದಿನ ವಿಮಾನಕ್ಕಾಗಿ ಕಾಯುವವರು ಒಳಗಿನ ಆವರಣದಲ್ಲಿಯೇ ಇರಬಹುದು. ದೊಡ್ಡ ಪೆಟ್ಟಿಗೆಗಳು ನೇರವಾಗಿ ಮೆಲ್ಬರ್ನಿಗೆ ಹೋಗುವುದರಿಂದ ಅವು ನಡುವೆ ಕೈಗೆ ಸಿಕ್ಕುವುದಿಲ್ಲ. ನಾವು ಕೈಚೀಲದಲ್ಲಿ ಒಂದೊಂದು ಜೊತೆ ಬಟ್ಟೆ, ಒಂದು ಪಂಚೆ, ಔಷಧಗಳು, ಅವಲಕ್ಕಿ, ಕೋಡುಬಳೆ ಇವುಗಳನ್ನು ಇಟ್ಟುಕೊಂಡಿದ್ದೆವು. ವಿಚಾರಿಸಲು, ಹಣ ತೆತ್ತು ಬಳಸುವ ವಿಶ್ರಾಂತಿಗೃಹದಲ್ಲಿ ಸ್ನಾನಕ್ಕೆ ಏರ್ಪಾಡಿದೆಯೆಂದೂ ಒರಸಿಕೊಳ್ಳುವ ವಸ್ತ್ರವನ್ನೂ ಸಾಬೂನನ್ನೂ ಅವರೇ ಕೊಡುವರೆಂದೂ ತಿಳಿಯಿತು. ಇಬ್ಬರಿಗೂ ಸೇರಿ ನಮ್ಮ ನಾಣ್ಯದಲ್ಲಿ ಎರಡು ಸಾವಿರ ರೂಪಾಯಿಗೆ ಮೀರಿದ ಶುಲ್ಕ.

ಇದನ್ನು ಕೇಳಿ ಮನೆಯಾಕೆ ನಿಂತಲ್ಲಿಯೇ ನಿಂತಳು. “ನಾಲ್ಕು ತಂಬಿಗೆ ನೀರಿಗೆ ಎರಡು ಸಾವಿರವೆ? ಆ ದುಡ್ಡಿದ್ದರೆ ಕೂಸಿಗೆ ಬೆಳ್ಳಿಯ ಒಳಲೆಗೆ ಅರ್ಧ ಹಣವಾಯಿತು. ನಾಳೆ ಮಗಳ ಮನೆಯಲ್ಲಿ ಮಿಂದು ಉಂಡರಾಯಿತು” ಎಂದಳು. ಹಿಂದಿನ ರಾತ್ರಿ ಎಂಟಕ್ಕೆ ಉಂಡದ್ದು. ವಿಮಾನದಲ್ಲಿ ಕೊಟ್ಟುದನ್ನು ಆಕೆ ಮುಟ್ಟಿರಲಿಲ್ಲ. ನಾಳೆಯೆಂದರೆ ಇನ್ನೂ ಒಂದು ಹಗಲು, ಒಂದು ರಾತ್ರಿ. ನಾವು ಹೇಳಿದೆವು: “ಬಾಣಂತಿಯ ಆರೈಕೆಗೆಂದು ಹೋಗುವವರು ಆರೈಕೆ ಬೇಡುವ ಸ್ಥಿತಿಯಲ್ಲಿ ಬಂದಿಳಿದರೆ ಆ ಹುಡುಗಿ ಯಾರನ್ನು ನೋಡಿಕೊಳ್ಳಬೇಕು?” ಆಕೆ ಉತ್ತರ ಕೊಡದೆ ಕೈಚೀಲದ ಗುಂಡಿಯನ್ನು ಬಿಚ್ಚಲು ಹೋದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಹಣೆಯ ಮೇಲೆ ಬೆವರು ಮೂಡಿತ್ತು. ಮಧುಮೇಹದವರ ಮನೆಯಲ್ಲಿ ಈ ಲಕ್ಷಣದ ಅರ್ಥವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಔಷಧಕ್ಕೆ ಮಡಿಯಿಲ್ಲವೆಂದು ಹೇಳಿ ನಾಲ್ಕು ಹರಳು ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಸಿ, ಕುರ್ಚಿಯಲ್ಲಿ ಕುಳ್ಳಿರಿಸಿದೆವು. ನಡುಕ ನಿಲ್ಲುವವರೆಗೆ ಬಳಿಯಲ್ಲಿಯೇ ಇದ್ದು, ಆಮೇಲೆ ಶುಲ್ಕವನ್ನು ತೆತ್ತು ಬಂದೆವು. ಆಕೆ ಮತ್ತೆ ವಾದಿಸಲಿಲ್ಲ.

ಸ್ನಾನಗೃಹವು ಕಿರಿದಾದರೂ ಶುಚಿಯಾಗಿತ್ತು, ಬಿಸಿನೀರು ಧಾರಾಳವಾಗಿತ್ತು. ಕಾಲು ಗಂಟೆಯೊಳಗೆ ಆಕೆ ಹೊಸ ಸೀರೆಯುಟ್ಟು ಹೊರಗೆ ಬಂದಳು. ರಾತ್ರಿಯ ಒಣಗಾಳಿಯಲ್ಲಿ ಬಾಡಿದ ಮುಖಕ್ಕೆ ಕಳೆ ಬಂದಿತ್ತು. ನಾವೂ ಮಿಂದು ನಿತ್ಯಕರ್ಮವನ್ನು ಸಂಕ್ಷೇಪವಾಗಿ ಮುಗಿಸಿದೆವು. ಅವಲಕ್ಕಿಗೆ ಅಲ್ಲಿಯೇ ಕೊಂಡ ಮೊಸರನ್ನು ಕಲಸಿಕೊಂಡು ಇಬ್ಬರೂ ಉಂಡೆವು. ಆಕೆ ಗುಳಿಗೆಯನ್ನು ತೆಗೆದುಕೊಂಡಳು. ಮನೆಯಲ್ಲಿ ದಿನವೂ ನಡೆಯುವ ಕೆಲಸಗಳೇ ಇವು. ದಾರಿಯಲ್ಲಿ ದೊರೆತಾಗ ಇವುಗಳ ಬೆಲೆ ತಿಳಿಯುತ್ತದೆ.

ಊಟವಾದ ಮೇಲೆ ನಿಧಾನವಾಗಿ ನಡೆದಾಡಿದೆವು. ಮೊದಲಿನ ಮೂರು ಕಟ್ಟಡಗಳಿಗೆ ಚಾಲಕರಿಲ್ಲದ ಸಣ್ಣ ರೈಲಿನ ಸಂಪರ್ಕವುಂಟು. ಮೂರನೆಯ ಕಟ್ಟಡದಲ್ಲಿ ಚಿಟ್ಟೆಗಳ ತೋಟವಿದೆ. ಮೊದಲನೆಯದರ ಮಾಳಿಗೆಯ ಮೇಲೆ ಕಳ್ಳಿಗಿಡಗಳ ತೋಟವಿದೆ. ೨೦೧೯ರಲ್ಲಿ ತೆರೆದ ‘ಜುವೆಲ್’ ಎಂಬ ಗಾಜಿನ ಗುಮ್ಮಟದ ನಡುವೆ ೪೦ ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಆ ಗುಮ್ಮಟವು ಗಡಿತನಿಖೆಯ ಹೊರಗಡೆಯಿದ್ದರೂ ರೈಲು ಅದರೊಳಗಿಂದಲೇ ಹಾಯುವುದರಿಂದ ನಮ್ಮಂಥ ಕಾಯುವವರಿಗೂ ಧಾರೆಯ ದರ್ಶನವಾಗುತ್ತದೆ. ಜೋಗವನ್ನು ಮಳೆಗಾಲದಲ್ಲಿ ಕಂಡವರಿಗೆ ಇದು ದೊಡ್ಡದೆನಿಸದು. ಆದರೆ ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಹಿಡಿದು ಮತ್ತೆ ಮತ್ತೆ ಮೇಲಕ್ಕೇರಿಸಿ ಹರಿಸುವ ಆ ಜಾಣ್ಮೆಯನ್ನು ಮೆಚ್ಚಬೇಕು. ಹೀಗೆ ನಡೆದುದರಿಂದ ಆಕೆಯ ಪಾದಗಳ ಊತವು ಕಣ್ಣಿಗೆ ಕಾಣುವಂತೆ ಇಳಿಯಿತು.

ಮಧ್ಯಾಹ್ನ ಮಲಗುವುದಕ್ಕೆ ಸ್ಥಳ ಹುಡುಕಿದೆವು. ಶುಲ್ಕವಿಲ್ಲದೆ ಒರಗಿ ಮಲಗಬಹುದಾದ ಆಸನಗಳ ಸಾಲು ಅಲ್ಲಿ ಉಂಟು. ಹಣ ತೆರಬಲ್ಲವರಿಗೆ ಗಂಟೆಗಳ ಲೆಕ್ಕದಲ್ಲಿ ಕೋಣೆ ಕೊಡುವ ವಸತಿಗೃಹವೂ ಉಂಟು. ನಮಗೆ ಆಸನಗಳೇ ಸಾಕಾದುವು. ಇಬ್ಬರಲ್ಲಿ ಒಬ್ಬರು ಎಚ್ಚರವಾಗಿರುವುದೆಂದು ನಿಶ್ಚಯಿಸಿ ಸರದಿಯ ಮೇಲೆ ಎರಡೆರಡು ಗಂಟೆ ನಿದ್ರಿಸಿದೆವು. ಆಕೆ ಮಲಗಿದ್ದಾಗ ಕಾಲಿನ ಕೆಳಗೆ ಚೀಲವನ್ನಿಟ್ಟು ಪಾದಗಳನ್ನು ಎತ್ತರಿಸಿದೆವು. ಒಳಗಣ ತಂಪು ಹೆಚ್ಚಾದುದರಿಂದ ಶಾಲು ಹೊದಿಸಿದೆವು. ಹೊರಗೆ ಭೂಮಧ್ಯದ ಸೆಕೆಯಿದ್ದರೂ ಒಳಗೆ ಶಾಲು ಬೇಕೆಂಬುದನ್ನು ವಾಚಕರು ಮರೆಯಬಾರದು.

ನಾವು ಎಚ್ಚರವಾಗಿದ್ದ ಹೊತ್ತಿನಲ್ಲಿ ನೆಲವನ್ನು ಒರಸುತ್ತ ಒಬ್ಬ ವೃದ್ಧೆ ಬಂದಳು. ಸಿಂಗಪುರದ ನಾಲ್ಕು ರಾಜಭಾಷೆಗಳಲ್ಲಿ ತಮಿಳೂ ಒಂದು. ಆಕೆಯದು ಆ ಭಾಷೆ. ನಮಗೆ ತಿಳಿದಷ್ಟು ತಮಿಳಿನಲ್ಲಿ ಮಾತನಾಡಿಸಿದೆವು. ವಯಸ್ಸು ಅರುವತ್ತೆಂಟೆಂದಳು, ಬೆಳಗು ಹರಿಯುವ ಮೊದಲೇ ಕೆಲಸಕ್ಕೆ ಬಂದವಳಂತೆ. “ಅಮ್ಮನಿಗೆ ಕಾಲು ನೋವೆ?” ಎಂದು ಕೇಳಿ, ಕುಡಿಯುವ ನೀರಿನ ನಲ್ಲಿ ಎಲ್ಲಿದೆಯೆಂದು ತೋರಿಸಿ, ಮಲಗಿದ್ದವರಿಗೆ ಎಚ್ಚರವಾಗದಂತೆ ಸದ್ದಿಲ್ಲದೆ ಒರಸಿಕೊಂಡು ಹೋದಳು. ಎಚ್ಚರಗೊಂಡ ಮನೆಯಾಕೆಗೆ ಈ ಸಂಗತಿಯನ್ನು ಹೇಳಿದಾಗ ಆಕೆ ಕೋಡುಬಳೆಯ ಪೊಟ್ಟಣವನ್ನು ತೆಗೆದುಕೊಂಡು ಆ ವೃದ್ಧೆಯನ್ನು ಹುಡುಕಿಕೊಂಡು ಹೋಗಿ ಕೊಟ್ಟು ಬಂದಳು. “ಅವರ ಕಾಲೂ ನನ್ನ ಕಾಲಿನ ಹಾಗೆಯೇ ಊದಿದೆ” ಎಂದಷ್ಟೇ ಹೇಳಿದಳು. ಛತ್ರದಲ್ಲಿ ಉಂಡು ಮಲಗುವವರು ಛತ್ರವನ್ನು ಗುಡಿಸುವವರನ್ನು ನೆನೆಯಬೇಕೆಂದು ಚಿಕ್ಕಂದಿನಲ್ಲಿ ನಮ್ಮ ತಾಯಿ ಹೇಳುತ್ತಿದ್ದರು. ಗಾಜಿನ ಗೋಡೆಗಳ ಛತ್ರಕ್ಕೂ ಆ ಮಾತು ಸಲ್ಲುತ್ತದೆ.

ಇಂಥ ಪ್ರಯಾಣ ಕೈಗೊಳ್ಳುವ ಗೃಹಸ್ಥರಿಗೆ ಕೆಲವು ಸೂಚನೆಗಳು. ಔಷಧವನ್ನು ಎಂದಿಗೂ ದೊಡ್ಡ ಪೆಟ್ಟಿಗೆಯಲ್ಲಿಡಬಾರದು. ತಪಾಸಣೆಯಲ್ಲಿ ನೂರು ಮಿಲಿಲೀಟರಿಗೆ ಮೀರಿದ ದ್ರವದ ಶೀಸೆಯನ್ನು ಸಾಮಾನ್ಯವಾಗಿ ಬಿಡುವುದಿಲ್ಲವಾದುದರಿಂದ ಬರಿದಾದ ಶೀಸೆಯನ್ನು ಒಯ್ದು ಒಳಗೆ ತುಂಬಿಕೊಳ್ಳಬೇಕು. ನಾವು ಹೋದಾಗ ಚಾಂಗಿಯಲ್ಲಿ ವಿಮಾನವೇರುವ ದ್ವಾರದ ಬಳಿಯೇ ಮತ್ತೊಮ್ಮೆ ತಪಾಸಣೆಯಾಯಿತು. ಆದ್ದರಿಂದ ಬೇಕಾದಷ್ಟು ನೀರನ್ನು ಅದಕ್ಕೆ ಮೊದಲೇ ಕುಡಿಯುವುದು ಒಳ್ಳೆಯದು. ಹೆಸರು ಹಿಡಿದು ಕರೆಯುವರೆಂದು ನಂಬಿ ಕೂಡದೆ, ದ್ವಾರದ ಸಂಖ್ಯೆಯನ್ನು ಫಲಕದಲ್ಲಿ ಆಗಾಗ ನೋಡುತ್ತಿರಬೇಕು. ಗಂಟೆಗೊಮ್ಮೆ ಎದ್ದು ನಡೆಯಬೇಕು. ಕುಳಿತಾಗಲೂ ಹಿಮ್ಮಡಿಯನ್ನೆತ್ತಿ ಇಳಿಸುತ್ತಿರಬೇಕು. ಆಸ್ಟ್ರೇಲಿಯಕ್ಕೆ ಹೋಗುವವರು ಉಳಿದ ತಿಂಡಿಯನ್ನು ದಾರಿಯಲ್ಲಿಯೇ ಮುಗಿಸುವುದು ಲೇಸು. ಒಯ್ದರೆ ಅಲ್ಲಿ ಕೊಡುವ ಪತ್ರದಲ್ಲಿ ತಪ್ಪದೆ ನಮೂದಿಸಬೇಕು. ಆ ದೇಶದ ನಿಯಮ ಈ ವಿಷಯದಲ್ಲಿ ಬಹಳ ಬಿಗಿ.

ಮರುದಿನ ಪ್ರಾತಃಕಾಲ ಮೆಲ್ಬರ್ನಿನಲ್ಲಿ ಇಳಿದೆವು. ದಿನ ತುಂಬಿದ ಮಗಳು ಬಾಗಿಲಲ್ಲಿ ನಿಂತಿದ್ದಳು. ಮನೆಯಾಕೆ ಮಿಂದವಳೇ ಅಡಿಗೆಯ ಮನೆಗೆ ನಡೆದು ಮಗಳಿಗೆ ಮೆಣಸಿನ ಸಾರನ್ನೂ ಬಿಸಿ ಅನ್ನವನ್ನೂ ಮಾಡಿ ಬಡಿಸಿದಳು. ಅಳಿಯಂದಿರು ದಣಿವಾಗಲಿಲ್ಲವೆ ಎಂದು ಕೇಳಿದರು. “ನಡುದಾರಿಯಲ್ಲಿ ಸ್ನಾನವಾಯಿತು, ಊಟವಾಯಿತು, ನಿದ್ರೆಯಾಯಿತು” ಎಂದು ಆಕೆ ಹೇಳಿದಳೇ ಹೊರತು ಶುಲ್ಕದ ಮಾತೆತ್ತಲಿಲ್ಲ.

ದೂರದೇಶಗಳಲ್ಲಿರುವ ಮಕ್ಕಳು ತಂದೆತಾಯಿಗಳಿಗಾಗಿ ಚೀಟಿ ಕೊಳ್ಳುವಾಗ ಬೆಲೆಯನ್ನು ನೋಡುವುದು ಸಹಜ, ನೋಡಬೇಕಾದುದೇ. ಆದರೆ ದೀರ್ಘವಾದ ತಂಗುವಿಕೆಯಿಂದ ಉಳಿದ ಹಣದಲ್ಲಿ ಒಂದು ಪಾಲನ್ನು ಅವರ ಸ್ನಾನಕ್ಕೂ ಹಾಸಿಗೆಗೂ ಮೊದಲೇ ತೆತ್ತು, ಸ್ಥಳವನ್ನು ಗೊತ್ತುಮಾಡಿ, ಅದರ ಚೀಟಿಯನ್ನೂ ಅವರ ಕೈಗೆ ಕೊಡಲಿ. ಕೇಳಿ ಪಡೆಯುವ ಅಭ್ಯಾಸ ನಮ್ಮ ತಲೆಮಾರಿನವರಿಗೆ ಕಡಮೆ. ನಮ್ಮ ಹೆಂಗಸರಿಗಂತೂ ಮತ್ತಷ್ಟು ಕಡಮೆ. ಮೊದಲೇ ತೆತ್ತುದನ್ನು ವ್ಯರ್ಥ ಮಾಡಬಾರದೆಂದಾದರೂ ಅವರು ಮಿಂದು ಉಂಡು ಮಲಗಿಯಾರು.