ನೂಲೂ ಶಿಲ್ಪವೇ

ಮುಂಬಯಿಯ ಬೈಕುಲ್ಲಾದಲ್ಲಿ 1872ರಲ್ಲಿ ಬಾಗಿಲು ತೆರೆದ ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. ಹೊರಗಿನಿಂದ ಇಟಲಿಯ ಪುನರುಜ್ಜೀವನ ಕಾಲದ ವಾಸ್ತುಶಿಲ್ಪಿ ಪಲ್ಲಾಡಿಯೋನ ಶೈಲಿ. ನೋಡಲು ಅರಮನೆಯೇ ಸರಿ. 2012ರಲ್ಲಿ ಅಲ್ಲಿ ನಡೆದದ್ದು ಬೆಂಗಳೂರಲ್ಲಿ ಹುಟ್ಟಿದ ನಮ್ಮ ರಂಜನಿ ಶೆಟ್ಟರ್ ಅವರ ಶಿಲ್ಪಗಳ ಪ್ರದರ್ಶನ. ಶಿಲ್ಪ ಅಂದರೆ ಕಲ್ಲು, ಕಂಚು ಅಂದುಕೊಂಡವರು ಇವರ ಕೆಲಸ ನೋಡಬೇಕು. ಒಂದು ಕೃತಿಯಲ್ಲಿ ಜೇನುಮೇಣದ ಪುಟ್ಟ ಉಂಡೆಗಳನ್ನು ದಾರಕ್ಕೆ ಪೋಣಿಸಿ ಗಾಳಿಯಲ್ಲಿ ತೂಗುಬಿಟ್ಟಿದ್ದಾರೆ.

ಕಿಣತ್ತುಕಡವಿನ ಮಕ್ಕಳಿಗೆ ಇದನ್ನು ಹೇಳಿದೆ. ಹತ್ತಿರದಲ್ಲೇ ನೆಗಮಂ, ಸೀರೆಯ ಊರು. ಮನೆಯಲ್ಲಿ ಕನ್ನಡ ಆಡುವ ನೇಕಾರರ ಹುಡುಗಿಯೊಬ್ಬಳು ಕೇಳಿದಳು: "ಸಾರ್, ನಮ್ಮಪ್ಪನ ಮಗ್ಗದ ನೂಲೂ ಅಲ್ಲಿಗೆ ಹೋಗಬಹುದಾ?"

"ಹೋಗಬಹುದಮ್ಮ" ಅಂದೆ. ಆದರೆ ಮಗ್ಗ ನಿಂತರೆ ನೂಲಿನ ಜೊತೆ ಹಾಸು, ಹೊಕ್ಕು, ಲಾಳಿ ಅನ್ನೋ ಮಾತುಗಳೂ ಮನೆ ಬಿಡುತ್ತವೆ. ಈ ವಾರ ಅವನ್ನು ಮಕ್ಕಳ ಕೈಲೇ ಬರೆಸುತ್ತಿದ್ದೇನೆ. ನಿಮ್ಮ ಶಾಲೆಯಲ್ಲೂ ಬರೆಸಿ.